ರಾಯರು ಕಡಿದ ಸೌದೆ

ಗೀಸರ್ ಕೆಟ್ಟಿರಲಿಲ್ಲ. ರಾಯರು ರಿಪೇರಿ ಮಾಡಿದ ಮೇಲೆ ಕೆಟ್ಟಿತು.

ನೀರು ಬಿಸಿಯಾಗುವುದು ಸ್ವಲ್ಪ ತಡ ಎಂದು ಹೆಂಡತಿ ಬಾಯಿತಪ್ಪಿ ಆಡಿದ್ದೇ ತಪ್ಪಾಯಿತು. ಶನಿವಾರ ಸಂಜೆ ಸ್ಕ್ರೂಡ್ರೈವರ್ ಹಿಡಿದು ಬಚ್ಚಲುಮನೆ ಹೊಕ್ಕ ರಾಯರು ಹೊರಗೆ ಬಂದಾಗ ಅಂಗೈಯಲ್ಲಿ ಒಂದು ಹಿಡಿ ಸ್ಕ್ರೂ ಮಿಕ್ಕಿತ್ತು. "ಕಂಪನಿಯವರು ಯಾವಾಗ್ಲೂ ಹೆಚ್ಚಿಗೆ ಹಾಕಿರ್ತಾರೆ ಕಣೇ" ಎಂದು ವಿವರಣೆ ಕೊಟ್ಟರು. ಭಾನುವಾರ ಬೆಳಿಗ್ಗೆ ಸ್ವಿಚ್ ಒತ್ತಿದರೆ ಗೀಸರ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ರಾಯರು ಸಂಬಳಕ್ಕೆ ಗ್ರಂಥಾಲಯದ ಗುಮಾಸ್ತರು. ಮನಸ್ಸಿನಿಂದ ಬಡಗಿ, ಕಮ್ಮಾರ, ಎಲೆಕ್ಟ್ರಿಷಿಯನ್ ಎಲ್ಲವೂ. ಬೀದಿಯವರು ಇಟ್ಟ 'ರಿಪೇರಿ ರಾಯರು' ಎಂಬ ಹೆಸರನ್ನು ಅವರು ಬಿರುದೆಂದೇ ನಂಬಿದ್ದರು. ಮನೆಯ ಹಿಂಬದಿಯ ಕೋಣೆ ಅವರ ಕಾರ್ಯಾಗಾರ. ಗೋಡೆಗೆ ಹಲಗೆಗಳ ಕಪಾಟು, ನಡುವೆ ಅವರೇ ಮೂರು ಬೇಸಿಗೆ ಕೂತು ಮಾಡಿದ ಸಾಗವಾನಿ ಮೇಜು, ಅದರ ಮುಂದೆ ಹಳೆಯದೊಂದು ಚಕ್ರದ ಕುರ್ಚಿ. ಆ ಕೋಣೆಗೆ ಬೇರೆಯವರಿಗೆ ಪ್ರವೇಶವಿರಲಿಲ್ಲ. ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಮಿಷನ್ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಮುದುರಿಕೊಂಡಿತ್ತು. ಅವಳು ಹೊಲಿದ ಅಂಗಿ ಎಷ್ಟೇ ಚೆನ್ನಾಗಿದ್ದರೂ ಹಾಕಿಕೊಂಡವರಿಂದ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು.

"ರೀ, ಇಷ್ಟು ವರ್ಷ ಆಯ್ತಲ್ಲ, ಆ ರೂಮಿಂದ ಒಂದಾದ್ರೂ ಉಪಯೋಗದ ವಸ್ತು ಹೊರಗೆ ಬಂದಿದೆಯಾ?" ತಣ್ಣೀರಿನ ಬಕೆಟ್ ಮುಂದೆ ನಿಂತು ಅವಳು ಕೇಳಿದಳು.

"ಯಾಕೆ, ನಾನು ಬರ್ತಿರ್ತೀನಲ್ಲ!"

"ಅದಕ್ಕೇ ಕೇಳಿದ್ದು."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳೇ ತೀರ್ಪು ಕೊಟ್ಟಳು. "ಬಚ್ಚಲಲ್ಲಿ ಹಳೇ ಒಲೆ ಇದೆ, ಹಂಡೆ ಇದೆ. ಮೇಷ್ಟ್ರ ಹಿತ್ತಲಲ್ಲಿ ಗಾಳಿಗೆ ಬಿದ್ದ ಮರ ಇದೆ. ನಿಮ್ಮ ಹತ್ರ ಲೋಕದ ಸಾಮಾನೆಲ್ಲ ಇದೆ. ನಾನು ಬಟ್ಟೆ ಕೊಟ್ಟು ಬರೋಕೆ ಹೋಗ್ತಿದ್ದೀನಿ, ಸಂಜೆಗೆ ಬರ್ತೀನಿ. ನಿಮ್ಮ ಕೈಯಾರೆ ಕಡಿದ ಸೌದೆಯಲ್ಲಿ ನನಗೆ ಬಿಸಿನೀರು ಸಿಕ್ರೆ, ಆ ರೂಮಿನ ಸುದ್ದಿಗೆ ಮತ್ತೆ ಬರಲ್ಲ. ಸಿಗದಿದ್ರೆ ನಾಳೆ ನನ್ನ ಮಿಷನ್ ಅಲ್ಲಿಗೆ ಹೋಗುತ್ತೆ."

"ಆಗ್ಲಿ! ಬಿಸಿನೀರಲ್ಲ, ಕುದಿಯೋ ನೀರು ಕೊಡ್ತೀನಿ!" ಎಂದು ರಾಯರು ಎದೆಯುಬ್ಬಿಸಿದರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಿದ್ದ ಮರವನ್ನು ಸಂತೋಷವಾಗಿ ಬಿಟ್ಟುಕೊಟ್ಟರು. ಜೊತೆಗೆ ಸಲಹೆಗಳನ್ನೂ ಕೊಟ್ಟರು. ಅವು ಮರಕ್ಕಿಂತ ಭಾರವಾಗಿದ್ದವು. ಎದುರು ಮನೆಯ ಬಸ್ ಡ್ರೈವರಣ್ಣನಿಗೂ ಅವತ್ತು ರಜೆ. ಆತ ಲುಂಗಿ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟ.

"ಮೊದ್ಲು ದಿಮ್ಮಿನ ನಿಮ್ಮ ಅಂಗಳಕ್ಕೆ ಸಾಗಿಸ್ಬೇಕು ರಾಯ್ರೇ. ಹೆಗಲ ಮೇಲೆ ಹೊರೋಣ" ಎಂದ ಡ್ರೈವರಣ್ಣ.

"ಹೊರೋದು ದನದ ಕೆಲಸ. ಮನುಷ್ಯ ಚಕ್ರ ಕಂಡುಹಿಡಿದಿದ್ದು ಯಾಕೆ?" ಎಂದರು ಮೇಷ್ಟ್ರು.

ಚಕ್ರವೆಂದ ಕೂಡಲೇ ರಾಯರ ಕಣ್ಣು ಮಿನುಗಿತು. ಕಾರ್ಯಾಗಾರಕ್ಕೆ ಓಡಿದರು. ಕಪಾಟಿನ ಹಲಗೆಗಳು ಕೆಳಗಿಳಿದವು, ಕುರ್ಚಿಯ ಚಕ್ರಗಳು ಕಳಚಿದವು, ಮೊಳೆಯ ಸದ್ದು ಬೀದಿಗೆಲ್ಲ ಕೇಳಿತು. ಊಟದ ಹೊತ್ತಿಗೆ ಒಂದು ಗಾಡಿ ಸಿದ್ಧವಾಯಿತು. ನಿಜ ಹೇಳಬೇಕೆಂದರೆ ಅದು ಚೆಂದದ ಗಾಡಿ. ಅಂಚುಗಳನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದರು. ರಾಯರು ಮೂರು ಸಲ ಸುತ್ತ ತಿರುಗಿ ನೋಡಿದರು, ನಾಲ್ಕನೇ ಸಲ ಮೇಷ್ಟ್ರನ್ನೂ ಕರೆದುಕೊಂಡು ತಿರುಗಿದರು.

ದಿಮ್ಮಿ ಹೊತ್ತ ಗಾಡಿ ಮೇಷ್ಟ್ರ ಹಿತ್ತಲಿಂದ ಹೊರಟು ರಾಯರ ಗೇಟಿನವರೆಗೂ ಸಾಂಗವಾಗಿ ಬಂತು. ಗೇಟು ದಾಟಿ ಒಳಗೆ ಬರುತ್ತಿದ್ದ ಹಾಗೇ ಚಕ್ರಗಳು ಮುನಿಸಿಕೊಂಡ ಅಣ್ಣತಮ್ಮಂದಿರಂತೆ ಒಂದೊಂದು ದಿಕ್ಕಿಗೆ ಹೊರಟುಹೋದವು. ಹಲಗೆಗಳು ಚಟಚಟ ಮುರಿದು, ದಿಮ್ಮಿ ದಬಕ್ಕೆಂದು ಗೇಟಿನ ಪಕ್ಕದಲ್ಲೇ ಕೂತಿತು.

"ಬಂತಲ್ಲ ಒಳಗೆ! ಗಾಡಿಯ ಕೆಲಸ ಅಷ್ಟೇ ತಾನೆ?" ಎಂದರು ರಾಯರು.

ಇನ್ನು ಕಡಿಯುವ ಕೆಲಸ. ಕೊಡಲಿಯ ಮರದ ಹಿಡಿಯನ್ನು, ಅಂದರೆ ಕಾವನ್ನು, ಹುಳ ತಿಂದಿತ್ತು. ಮಗಳಿದ್ದಿದ್ದರೆ ಅವಳಿಗೂ ಕೊಡುತ್ತಿದ್ದರೋ ಇಲ್ಲವೋ, ಅಷ್ಟು ಜೋಪಾನ ಮಾಡಿಟ್ಟಿದ್ದ ಒಂದು ಗಟ್ಟಿ ಮರದ ತುಂಡನ್ನು ರಾಯರು ಹೊರತೆಗೆದರು. ಕೀಸಿದರು, ಉಜ್ಜಿದರು, ಎಣ್ಣೆ ಸವರಿದರು. ಹೊಸ ಕಾವು ಕನ್ನಡಿಯ ಹಾಗೆ ಹೊಳೆಯಿತು. ಮೊದಲ ಏಟಿಗೆ ಕೊಡಲಿ ದಿಮ್ಮಿಯಲ್ಲಿ ಸಿಕ್ಕಿಕೊಂಡಿತು. ಡ್ರೈವರಣ್ಣ "ನಾನು ನೋಡ್ತೀನಿ ಬಿಡಿ" ಎಂದು ಸ್ಟೀರಿಂಗ್ ತಿರುಗಿಸುವಂತೆ ತಿರುಗಿಸಿದ್ದೇ ಕಾವು ಎರಡು ತುಂಡಾಯಿತು.

"ಬೆಣೆ ಹೊಡೀರಿ!" ಎಂದರು ಮೇಷ್ಟ್ರು. ಕುರ್ಚಿಯ ಕಾಲುಗಳು ಬೆಣೆಗಳಾದವು. ಹೊಡೆದ ಬೆಣೆಗಳೆಲ್ಲ ಸೀಳಿಹೋದವು. ಕೊಡಲಿ ಹೇಗೋ ಹೊರಬಂತು, ದಿಮ್ಮಿ ಮಾತ್ರ ಸೀಳಲಿಲ್ಲ. ಹಸಿ ಮರ, ಮೇಲೆ ಗಂಟು ಬೇರೆ.

"ಗರಗಸವೇ ಸರಿ. ಆದ್ರೆ ನೆಲದ ಮೇಲಿಟ್ಟು ಕೊಯ್ಯೋಕಾಗಲ್ಲ. ಎತ್ತರಕ್ಕೆ ಏನಾದ್ರೂ ಬೇಕಲ್ಲ?" ಎಂದರು ಮೇಷ್ಟ್ರು ಗಡ್ಡ ಕೆರೆದು.

ರಾಯರು ಕಾರ್ಯಾಗಾರದ ಬಾಗಿಲು ನೋಡಿದರು. ಮೂರು ಬೇಸಿಗೆ ನೆನಪಾಯಿತು. ಆದರೆ ಕೋಣೆ ಉಳಿಯಬೇಕಾದರೆ ಮೇಜು ಒಂದು ಗಳಿಗೆ ಹೊರಗೆ ಬರಬೇಕು. ಬಂತು. ಮೂವರೂ ಏದುಸಿರು ಬಿಡುತ್ತ ದಿಮ್ಮಿಯನ್ನು ಅದರ ಮೇಲೇರಿಸಿದರು.

"ನನ್ನ ಮೇಜು ಆನೆ ನಿಂತ್ರೂ ಅಲ್ಲಾಡಲ್ಲ" ಎಂದು ರಾಯರು ಹೆಮ್ಮೆಯಿಂದ ಗರಗಸ ಇಟ್ಟರು.

ಆನೆಯ ವಿಷಯ ಗೊತ್ತಿಲ್ಲ. ಗರಗಸ ಅರ್ಧ ಇಳಿದು ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಮೇಷ್ಟ್ರು ದಿಮ್ಮಿಯ ಆ ತುದಿಯ ಮೇಲೆ ಕೂತರು, ತೂಕ ಸರಿದೂಗಿಸಲು ಡ್ರೈವರಣ್ಣ ಈ ತುದಿಯ ಮೇಲೆ ಕೂತ. ಮೇಜಿನ ನಾಲ್ಕು ಕಾಲುಗಳೂ ಒಟ್ಟಿಗೆ ರಾಜೀನಾಮೆ ಕೊಟ್ಟವು, ಮೇಲಿನ ಹಲಗೆ ಸೀಳಿ ಹೋಳಾಯಿತು. ದಿಮ್ಮಿ ಉರುಳಿ, ಹೊಟ್ಟೆಯಲ್ಲಿ ಗರಗಸ ಸಮೇತ, ಮತ್ತೆ ಗೇಟಿನ ಪಕ್ಕದ ತನ್ನ ಜಾಗಕ್ಕೇ ಹೋಗಿ ಕೂತಿತು.

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಮೂರೇ ಜನ ಸಾಕಾಯಿತು.

ಡ್ರೈವರಣ್ಣನಿಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ಮೇಷ್ಟ್ರಿಗೆ ಸೊಂಟ ಹಿಡಿಯಿತು. ರಾಯರೊಬ್ಬರೇ ಅಂಗಳದಲ್ಲಿ ಉಳಿದರು. ಅತ್ತರೆ ನೋಡುವವರಿಲ್ಲ, ನೋಡುವವರಿದ್ದರೆ ಅಳುವವರಲ್ಲ. ಮುರಿದ ಮೇಜು, ಕುರ್ಚಿ, ಗಾಡಿಯ ಹಲಗೆ, ಕಾವು ಎಲ್ಲವನ್ನೂ ಒಟ್ಟು ಮಾಡಿದರು. ಮತ್ತೆ ಜೋಡಿಸಲು ಅನುಕೂಲವಾಗಲಿ ಎಂದು ಸೀಳುಬಿಟ್ಟ ತುದಿಗಳನ್ನು ಚಿಕ್ಕ ಗರಗಸದಲ್ಲಿ ಸಮವಾಗಿ ಕತ್ತರಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬಚ್ಚಲಿನ ಗೋಡೆಗೆ ಒಪ್ಪವಾಗಿ ಪೇರಿಸಿದರು. ಕೋಣೆಯಿಂದ ತಂದು ಅಂಗಳದಲ್ಲಿ ಚೆಲ್ಲಿದ್ದ ಉಪಕರಣಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ತಳ್ಳಿದರು. ಆಮೇಲೆ ಸೈಕಲ್ ಹತ್ತಿ ಕದ್ದುಮುಚ್ಚಿ ಸೌದೆ ಡಿಪೋಗೆ ಹೊರಟರು.

ಡಿಪೋಗೆ ಭಾನುವಾರ ಬೀಗ. ಬರಿಗೈಯಲ್ಲಿ ಮನೆಯ ತಿರುವಿಗೆ ಬಂದಾಗ ರಾಯರ ಕಾಲು ಪೆಡಲ್ ತುಳಿಯುವುದನ್ನೇ ಮರೆಯಿತು. ಬಚ್ಚಲ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು.

ಹೆಂಡತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ರಾಯರು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ.

"ರೀ! ಎಂಥಾ ಸೌದೆ ಕಡಿದಿದ್ದೀರಿ! ಬೆಂಕಿ ತೋರಿಸಿದ್ದೇ ತಡ, ಧಗ್ ಅಂತ ಹತ್ಕೊಳ್ತು. ಒಂದೇ ಅಳತೆ, ಒಂದೇ ನುಣುಪು, ಮೇಲೆ ಪೆನ್ಸಿಲ್ ಗುರುತು ಬೇರೆ! ನಾನು ನಿಮ್ಮನ್ನ ಏನೇನೋ ಅಂದುಬಿಟ್ಟೆ."

"ಎಲ್ಲಾ... ಎಲ್ಲಾನೂ ಉರಿಸಿದೆಯಾ?" ರಾಯರು ಬಚ್ಚಲಿನ ಬರಿ ಗೋಡೆಯತ್ತ ಇಣುಕಿದರು.

"ಒಂದು ಕಡ್ಡಿ ಬಿಟ್ಟಿಲ್ಲ. ನಿಮಗೂ ಕುದೀತಾ ಇದೆ, ಬನ್ನಿ."

ಕಾಂಪೌಂಡಿನ ಆಚೆಯಿಂದ ಮೇಷ್ಟ್ರ ತಲೆ ಎದ್ದಿತು. ಹೆಂಡತಿ ಅವರಿಗೂ ಸೌದೆಯ ಗುಣಗಾನ ಮಾಡಿದಳು. ಮೇಷ್ಟ್ರು ರಾಯರ ಮುಖ ನೋಡಿದರು, ಹೊಗೆಗೂಡು ನೋಡಿದರು, ಎಲ್ಲ ಅರ್ಥ ಮಾಡಿಕೊಂಡರು. "ಕಣ್ಣಾರೆ ಕಂಡಿದ್ದೀನಮ್ಮ. ಐಡಿಯಾ ಎಲ್ಲಾ ನಂದೇ" ಎಂದು ಮೆಲ್ಲಗೆ ತಲೆ ತಗ್ಗಿಸಿಕೊಂಡರು.

ರಾಯರು ಬಚ್ಚಲಲ್ಲಿ ಕೂತು ತಮ್ಮ ಮೂರು ಬೇಸಿಗೆಯನ್ನು ತಂಬಿಗೆ ತಂಬಿಗೆಯಾಗಿ ತಲೆಯ ಮೇಲೆ ಸುರಿದುಕೊಂಡರು. ಸಾಗವಾನಿಯ ಬಿಸಿ ಹಿತವಾಗಿಯೇ ಇತ್ತು. ಹೋಗಲಿ, ಕೋಣೆ ಉಳಿಯಿತಲ್ಲ ಎಂದುಕೊಂಡರು. ಕೋಣೆಯಿದ್ದರೆ ಇನ್ನೊಂದು ಮೇಜು ಮಾಡಬಹುದು.

ಮೈ ಒರೆಸಿಕೊಂಡು ಹೊರಗೆ ಬಂದರೆ ಕಾರ್ಯಾಗಾರದ ಬಾಗಿಲು ತೆರೆದಿತ್ತು. ಒಳಗೆ ಹೆಂಡತಿ ನಿಂತಿದ್ದಳು. ಕಪಾಟಿಲ್ಲ, ಕುರ್ಚಿಯಿಲ್ಲ, ಮೇಜಿಲ್ಲ, ಒಂದು ಮೊಳೆಯೂ ಇಲ್ಲ. ಅವಳ ಕಣ್ಣು ತುಂಬಿತ್ತು.

"ಪೊರಕೆ ಇಲ್ಲಿದೆಯೇನೋ ಅಂತ ನೋಡೋಕೆ ಬಂದೆ... ರೀ, ಪಂದ್ಯ ಗೆದ್ದೂ ನನಗೋಸ್ಕರ ರೂಮು ಖಾಲಿ ಮಾಡಿಕೊಟ್ರಾ? ಒಂದು ಮಾತೂ ಹೇಳದೆ?"

ಬಿಸಿ ತುಪ್ಪ ಬಾಯಲ್ಲಿತ್ತು. ರಾಯರು ಉಗುಳಲಿಲ್ಲ, ನುಂಗಿದರು.

"ಹೂಂ... ಹೇಳಿ ಮಾಡೋದೇನಿದೆ" ಎಂದರು.

"ಗೇಟಿನ ಹತ್ರ ಆ ದಿಮ್ಮಿ ಇಟ್ಟಿದ್ದೀರಲ್ಲ, ಅದು ನೋಡಿದಾಗ್ಲೇ ನನಗೆ ಅನುಮಾನ ಬಂತು. ಅಳತೆ ಕೊಡೋಕೆ ಬಂದವರು ಕೂತ್ಕೊಳ್ಳಲಿ ಅಂತ ತಾನೆ? ಚೀಲ ನೇತುಹಾಕೋಕೆ ಹಿಡಿ ಕೂಡ ಮಾಡಿದ್ದೀರಿ."

ಹಿಡಿಯೆಂದರೆ ಗರಗಸದ ಹಿಡಿ. ರಾಯರು ಅದನ್ನು ಹೊರಗೆ ಎಳೆಯುವ ಆಸೆಯನ್ನು ಆ ಕ್ಷಣವೇ ಬಿಟ್ಟರು.

ಕತ್ತಲಾಗುವ ಮೊದಲೇ ಮಿಷನ್ ಕೋಣೆ ಸೇರಿ ಕಟಕಟ ಎನ್ನತೊಡಗಿತು. ಅಂಗಿ ಒಯ್ಯಲು ಬಂದ ಡ್ರೈವರಣ್ಣನ ಹೆಂಡತಿ ದಿಮ್ಮಿಯ ಮೇಲೆ ಕೂತು, ಗರಗಸಕ್ಕೆ ಚೀಲ ತಗುಲಿಸಿ, "ಗಟ್ಟಿಯಾಗಿದೆ ಅಕ್ಕಾ, ಯಾರು ಮಾಡಿದ್ದು?" ಎಂದು ಕೇಳಿದಳು.

"ನಮ್ಮೆಜಮಾನ್ರು! ಎಲ್ಲಾ ಅವರ ಕೈಯಾರೆ!" ಒಳಗಿನಿಂದ ಹೆಮ್ಮೆಯ ದನಿ ಬಂತು.

ಮೆಟ್ಟಿಲ ಮೇಲೆ ಕೂತಿದ್ದ ರಾಯರ ಎದೆ ತಾನಾಗಿಯೇ ಎರಡು ಅಂಗುಲ ಉಬ್ಬಿತು. ಅಷ್ಟರಲ್ಲಿ ಡ್ರೈವರಣ್ಣನ ಹೆಂಡತಿ ಮತ್ತೆ ಕೇಳಿದಳು.

"ಹಂಗಾದ್ರೆ ಅಕ್ಕಾ, ನಮ್ಮನೆ ಗೀಸರ್ ಕೂಡ ಸ್ವಲ್ಪ ತಡ ಮಾಡ್ತಿದೆ. ರಾಯ್ರನ್ನ ನಾಳೆ ಕಳಿಸ್ತೀರಾ?"

ರಾಯರು ಮೆಟ್ಟಿಲ ಕೆಳಗೆ ಕೈ ಹಾಕಿ, ಗೋಣಿಚೀಲದಲ್ಲಿ ಸ್ಕ್ರೂಡ್ರೈವರ್ ತಡಕತೊಡಗಿದರು.