ಕೊನೆಯ ಅಧ್ಯಾಯ ಒಳಗಡೆ ಸಿಗುತ್ತದೆ

ಮೇಡಂ: ಸರ್ಕಾರಿ ಪುಸ್ತಕವನ್ನ ಎರಡು ತುಂಡು ಮಾಡೋಕೆ ಮನಸ್ಸಾದ್ರೂ ಹೇಗೆ ಬಂತ್ರೀ ನಿಮಗೆ?

ಬೈಂಡರ್: ತುಂಡು ಮಾಡಿಲ್ಲ ಮೇಡಂ. ಒಂದಿತ್ತು, ಎರಡು ಮಾಡಿದೆ. ಸ್ಟಾಕು ಜಾಸ್ತಿ ಆಯ್ತು.

ಗ್ರಂಥಾಲಯದ ಮೇಜಿನ ಮೇಲೆ ಒಂದು ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯ ಮಾತ್ರ, ಹೊಸ ರಟ್ಟು ಹಾಕಿಸಿಕೊಂಡು ಮದುಮಗನ ಹಾಗೆ ಕೂತಿತ್ತು. ಇಪ್ಪತ್ತು ವರ್ಷದಿಂದ ಇಲ್ಲಿ ಹರಿದ ಪುಸ್ತಕಗಳನ್ನು ಹೊಲಿಯುತ್ತ ಬಂದ ಬೈಂಡರ್ ಅದನ್ನು ಪ್ರೀತಿಯಿಂದ ಸವರಿದ. ಗ್ರಂಥಪಾಲಕಿ ಮೇಡಂಗೆ ಸವರುವ ಉತ್ಸಾಹ ಇರಲಿಲ್ಲ. ದಿನಕ್ಕೆ ಐವತ್ತು ಜನ ಬಾರದಿದ್ದರೆ ಗ್ರಂಥಾಲಯ ಮುಚ್ಚಿ, ಜಾಗದಲ್ಲಿ ಮುರುಕು ಕುರ್ಚಿ ತುಂಬುತ್ತೇವೆ ಎಂದು ನಗರಸಭೆ ಬರೆದಿತ್ತು. ಅದನ್ನು ತೀರ್ಮಾನಿಸುವ ಸಭೆ ನಾಳೆ.

ಮೇಡಂ: ಮೊದಲ ಭಾಗ ಎಲ್ಲಿ?

ಬೈಂಡರ್: ಪಕ್ಕದ ಸಲೂನಲ್ಲಿ. ತರಬೇತಿ ಮುಗಿಸಿ ಬಂದು ನೀವೇ ಅಲ್ವಾ ಹೇಳಿದ್ದು, ಜನ ಬರ್ದಿದ್ರೆ ನಾವೇ ಜನರ ಹತ್ರ ಹೋಗ್ಬೇಕು, ಉದ್ಯಮಿ ಥರ ಯೋಚ್ನೆ ಮಾಡ್ಬೇಕು ಅಂತ.

ಮೇಡಂ: ಹೋಗಿ ಅಂದೆ. ಕತ್ತರಿಸಿ ಅಂದೆನಾ?

ಬೈಂಡರ್: ಪೂರ್ತಿ ಪುಸ್ತಕ ಇಟ್ರೆ ಅಲ್ಲೇ ಓದಿ ಮನೆಗೆ ಹೋಗ್ತಾರೆ. ಈಗ ಕೊಲೆ ಅಲ್ಲಾಗುತ್ತೆ, ಕೊಲೆಗಾರ ಇಲ್ಲಿ ಸಿಗ್ತಾನೆ. ರಿಜಿಸ್ಟರಲ್ಲಿ ಸಹಿ ಹಾಕಿದ ಮೇಲೆ.

ಮೇಡಂ: ಸಹಿ ಎಷ್ಟಾಗಿದೆ?

ಬೈಂಡರ್: ನಿನ್ನೆ ಒಂದೇ ದಿನ ಅರವತ್ತೆರಡು. ಹೋದ ತಿಂಗಳು ದಿನಕ್ಕೆ ಹನ್ನೊಂದಿತ್ತು. ಅದರಲ್ಲಿ ಮೂರು ಜನ ದಾರಿ ಕೇಳೋಕೆ ಬಂದವರು.

ಮೇಡಂ ರಿಜಿಸ್ಟರು ತಿರುವಿದರು. ದನಿ ಸ್ವಲ್ಪ ಇಳಿಯಿತು.

ಮೇಡಂ: ಹೀಗೆ ಎಷ್ಟು ಪುಸ್ತಕ ಮಾಡಿದ್ದೀರಿ?

ಬೈಂಡರ್: ಒಂಬತ್ತು. ಅಡುಗೆ ಪುಸ್ತಕ ಮಾತ್ರ ಮಾಡಬಾರದಿತ್ತು. ಒಲೆ ಆರಿಸಿ ಅನ್ನೋ ಪುಟ ಇಲ್ಲೇ ಉಳ್ಕೊಂಡ್ಬಿಡ್ತು.

ಅಷ್ಟರಲ್ಲಿ ಸಲೂನಿನ ಯಜಮಾನ ಕತ್ತರಿ ಹಿಡಿದೇ ಒಳಗೆ ಬಂದ.

ಸಲೂನಿನವನು: ಮೇಡಂ, ನನ್ನ ಗಿರಾಕಿ ವಾಪಸ್ ಕೊಡಿ.

ಮೇಡಂ: ಇಲ್ಲಿ ವಾಪಸ್ ತಗೊಳ್ಳೋದು ಪುಸ್ತಕ. ಯಾವ ಗಿರಾಕಿ?

ಅವನು ಮೂಲೆಗೆ ಕತ್ತರಿ ತೋರಿಸಿದ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡವರೊಬ್ಬರು ಓದುತ್ತಿದ್ದರು. ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು.

ಸಲೂನಿನವನು: ಅರ್ಧ ಗಡ್ಡದಲ್ಲಿ ಎದ್ದು ಬಂದಿದ್ದಾರೆ. ಬೆಳಗ್ಗಿಂದ ಇದು ಮೂರನೇ ಮುಖ.

ಅರ್ಧ ಗಡ್ಡದವರು: ಸ್ವಲ್ಪ ಮೆಲ್ಲಗೆ ಮಾತಾಡಿ. ಇನ್ನು ನಾಲ್ಕೇ ಪುಟ ಇದೆ.

ಸಲೂನಿನವನು: ಕೇಳಿದ್ರಾ? ನಾನು ನಗರಸಭೆಗೆ ದೂರು ಬರೀತೀನಿ.

ಬೈಂಡರ್: ಬರೀರಿ. ನಾಳೆನೇ ಬೀಗ ಹಾಕ್ತಾರೆ.

ಸಲೂನಿನವನು: ಹಾಕಲಿ. ನನಗೇನು.

ಬಾಗಿಲವರೆಗೆ ಹೋಗಿ ತಿರುಗಿ ಬಂದ.

ಸಲೂನಿನವನು: ಬೀಗ ಹಾಕಿದ್ರೆ ಈ ಕೊನೆ ಅಧ್ಯಾಯಗಳೆಲ್ಲ ಎಲ್ಲಿಗೆ ಹೋಗ್ತವೆ?

ಮೇಡಂ: ಎಲ್ಲಿಗೂ ಹೋಗಲ್ಲ. ಮುರುಕು ಕುರ್ಚಿ ಅಡಿಯಲ್ಲಿರ್ತವೆ.

ಸಲೂನಿನವನು: ಒಂಬತ್ತೂ?

ಮೇಡಂ: ಒಂಬತ್ತೂ.

ಸಲೂನಿನವನು: ಆ ಡಾಕ್ಟರ ಹೆಂಡತಿ ಕಾಣೆಯಾಗಿದ್ದಾರಲ್ಲ, ಅವರು?

ಬೈಂಡರ್: ಕಾಣೆಯಾಗೇ ಇರ್ತಾರೆ.

ಸಲೂನಿನವನ ಮುಖ ಬಾಡಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಡುಗೆ ಪುಸ್ತಕ ಬಿಟ್ಟು ಉಳಿದ ಎಂಟೂ ಕಾದಂಬರಿಗಳ ಮೊದಲ ಭಾಗ ಅವನು ಓದಿ ಮುಗಿಸಿದ್ದ.

ಸಲೂನಿನವನು: ಅವರಿಗೆ ಏನೂ ಆಗಿಲ್ಲ ತಾನೇ ಬೈಂಡರಣ್ಣ?

ಬೈಂಡರ್: ಹಾಗೆಲ್ಲ ಹೇಳೋ ಹಾಗಿಲ್ಲ. ಸಹಿ ಹಾಕಿ ಓದ್ಕೊಳ್ಳಿ.

ಸಲೂನಿನವನು: ಮೊದಲು ಒಂದು ಹಾಳೆ ಕೊಡಿ ಮೇಡಂ.

ಮೇಡಂ: ದೂರಿಗಾ?

ಸಲೂನಿನವನು: ಬಿಡೋಕಾಗುತ್ತಾ? ನನ್ನದೂ ಹೊಟ್ಟೆಪಾಡು.

ಮೇಡಂ ಹಾಳೆ ಕೊಟ್ಟರು. ಅವನು ಒತ್ತಿ ಒತ್ತಿ ಬರೆದು ಮೇಜಿನ ಮೇಲಿಟ್ಟ. ಮೇಡಂ ಎರಡು ಸಲ ಓದಿ, ಕುರ್ಚಿ ಎಳೆದುಕೊಂಡು ಕೂತರು.

"ಮಾನ್ಯ ನಗರಸಭೆಯವರಿಗೆ. ಈ ಗ್ರಂಥಾಲಯದಿಂದ ನನ್ನ ಅಂಗಡಿ ಕೆಲಸ ಪೂರ್ತಿ ಕೆಟ್ಟಿದೆ. ಇದನ್ನು ಯಾವ ಕಾರಣಕ್ಕೂ ಮುಚ್ಚಕೂಡದು."