ಕೊಲಂಬೊ ಎಷ್ಟು ರೊಟ್ಟಿ ದೂರ?

ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಕಡಿಮೆ. ಪುರಾವೆ ಇಲ್ಲದೆ ಏನನ್ನೂ ಒಪ್ಪಬಾರದು ಎಂಬುದೊಂದೇ ನಾನು ವಿಶ್ವವಿದ್ಯಾಲಯದಿಂದ ಮನೆಗೆ ತಂದ ಸಾಮಾನು. ಆದರೆ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಸಮುದ್ರ ದಾಟಿ ಬಂದವನು ನಾನೊಬ್ಬನೇ. ಇಪ್ಪತ್ತು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಗೆಂದು ಬೆಂಗಳೂರಿನಿಂದ ಕೊಲಂಬೊಗೆ ಹಾರಿದ್ದೆ. ಹೀಗಾಗಿ ವಿಮಾನದ ಮಾತು ಬಂದರೆ ನನ್ನ ಸಂಶಯಬುದ್ಧಿ ರಜೆ ಹಾಕಿಬಿಡುತ್ತದೆ.

ಮೊನ್ನೆ ಪಕ್ಕದ ಮನೆಯ ರಾಜೇಸಾಬರು ಬಂದು ಕುಳಿತರು. ಬ್ಯಾಡಗಿ ಪೇಟೆಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ಕೊಲಂಬೊದ ಮಸಾಲೆ ವ್ಯಾಪಾರಿಯೊಬ್ಬ, ಮಾದರಿ ಕಾಯಿ ಹಿಡಿದು ಖುದ್ದು ಬಂದರೆ ಮಾತ್ರ ಮಾತು ಎಂದಿದ್ದನಂತೆ. ಟಿಕೆಟ್ಟೂ ಆಗಿತ್ತು. ಆದರೆ ಅವರು ವಿಮಾನ ಹತ್ತಿದವರಲ್ಲ.

“ಸರ, ಮ್ಯಾಲೆ ಎಷ್ಟು ತಾಸು ಕುಂದ್ರಬೇಕ್ರಿ?”

“ನಾಲ್ಕು ತಾಸು,” ಎಂದೆ.

ಅವರ ಮುಖ ಬಾಡಿತು. “ರೈಲಾದ್ರ ಹರಿಹರದಾಗ ಇಳದು ಚಾ ಕುಡೀಬಹುದು. ಅಲ್ಲಿ ನಡುವ ಇಳ್ಯಾಕ ಬರಂಗಿಲ್ಲ. ಬ್ಯಾಡ ಬಿಡ್ರಿ, ಬರಂಗಿಲ್ಲಂತ ಹೇಳಿಬಿಡ್ತೇನಿ.”

ಒಳಗಿನಿಂದ ಹೆಂಡತಿ ಶಾರದಾ ಫೋನು ಹಿಡಿದು ಬಂದಳು. “ಏಳುನೂರು ಕಿಲೋಮೀಟರು, ಒಂದೂವರಿ ತಾಸು ಅಂತ ಐತಿ ಇದರಾಗ.”

“ಫೋನು ಹೋಗಿ ಬಂದೈತೇನು? ನಾ ಹೋಗಿ ಬಂದೇನಿ. ಊಟ ಕೊಟ್ರು, ಉಂಡೆ, ಮಲಗಿದೆ, ಕನಸು ಬಿತ್ತು, ಎದ್ದಮ್ಯಾಲೆ ಚಾ ಕೊಟ್ರು.”

“ಬಂದ ದಿನ ಹೇಳಿದಾಗ ಎರಡು ಬಿಸ್ಕೀಟು ಅಷ್ಟ ಇದ್ದುವು,” ಎಂದಳು ಶಾರದಾ. “ಊಟ ಆಮ್ಯಾಲೆ ಬಂತು. ಕನಸಂತೂ ಹೋದ ವರ್ಷ ಸೇರ್ಕೊಂಡೈತಿ.”

ಅವಳ ಲೆಕ್ಕ ಸರಿಯಿತ್ತು. ಪ್ರತಿ ಸಲ ಹೇಳುವಾಗಲೂ ಕೇಳುವವರ ಕಣ್ಣು ಅರಳಲೆಂದು ಹತ್ತು ನಿಮಿಷ ಸೇರಿಸುತ್ತ ಬಂದಿದ್ದೇನೆ. ಇನ್ನೆರಡು ವರ್ಷ ಬಿಟ್ಟಿದ್ದರೆ ಆ ವಿಮಾನ ಲಂಡನ್ನಿನಲ್ಲಿ ಇಳಿಯುತ್ತಿತ್ತು.

“ಅಣ್ಣಾರ, ನೀವು ಬ್ಯಾಡಗಿಗೆ ಹೋಗಿ ಬರೂದ್ರಾಗ ಕೊಲಂಬೊ ಮುಟ್ಟತೈತಿ. ಹೋಗ್ರಿ,” ಎಂದಳು ಶಾರದಾ. ರಾಜೇಸಾಬರು ಹೊರಟೇಬಿಟ್ಟರು.

ಆದರೆ ನಮ್ಮ ಕಡೆ ದೂರ ಅಳೆಯುವುದು ಬುತ್ತಿಯಿಂದ. ಹಾವೇರಿ ಎಂದರೆ ಒಂದು ಚಹಾ, ಹುಬ್ಬಳ್ಳಿ ಎಂದರೆ ಎರಡು ರೊಟ್ಟಿ. ನಂಬಿದ್ದು ಶಾರದಾಳ ಮಾತನ್ನಾದರೂ, ನನ್ನ ಮರ್ಯಾದೆಗೆಂದು ಅವರು ನಾಲ್ಕು ತಾಸಿನ ಬುತ್ತಿಯನ್ನೇ ಕಟ್ಟಿಸಿಕೊಂಡಿದ್ದರು: ಎಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಕೊಲಂಬೊ ಮುಟ್ಟಿದ ಮರುದಿನ ಅವರ ಫೋನು ಬಂತು. “ಸರ, ಕಾಯಿ ಪಸಂದ್ ಬಂತ್ರಿ ಅವರಿಗೆ. ವಿಮಾನದಾಗ ಬುತ್ತಿ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿಯೂದ್ರಾಗ ಇಳೀರಿ ಅಂದ್ರು ನೋಡ್ರಿ.” ಆಮೇಲೆ ದನಿ ತಗ್ಗಿಸಿದರು. “ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಆವತ್ತು ನೀವು ಖರೇ ಎಲ್ಲಿ ಇಳದಿದ್ರಿ?”

ಅಂದಿನಿಂದ ಹಳೆಯ ಪಾಸ್‌ಪೋರ್ಟಿಗಾಗಿ ಟ್ರಂಕು, ಅಟ್ಟ ಎಲ್ಲ ಜಾಲಾಡುತ್ತಿದ್ದೇನೆ. ಅದು ಸಿಗುವವರೆಗೂ ನಾನು ಕೊಲಂಬೊಗೆ ಹೋಗಿದ್ದೆ ಎಂಬುದನ್ನು ನಾನಂತೂ ಒಪ್ಪಲಾರೆ.