ಕಾರ್ಡಿನಲ್ಲಿ ಆಡಿದ ಚೆನ್ನೆಮಣೆ

ಹೆಂಡತಿಯನ್ನು ಚೆನ್ನೆಮಣೆಯಲ್ಲಿ ಸೋಲಿಸಿಯೇ ಮನೆಗೆ ಕರೆಸಿಕೊಳ್ಳುವುದೆಂದು ಅಣ್ಣಯ್ಯ ಮಾಸ್ತರರು ತೀರ್ಮಾನಿಸಿದರು. ಶಂಕರನಾರಾಯಣದ ಸುತ್ತಮುತ್ತ ಗಣಿತದಲ್ಲಿ ಬಿ.ಎ. ಮಾಡಿದವರು ಅವರೊಬ್ಬರೇ. ಗುಣವತಿ ಕಲಿತದ್ದು ನಾಲ್ಕನೇ ಕ್ಲಾಸು. ಯಾರು ಗೆಲ್ಲುತ್ತಾರೆಂದು ಸಂಶಯಪಡುವುದು ಗಣಿತಕ್ಕೇ ಅವಮಾನವಾಗಿತ್ತು.

ಮದುವೆಯಾದ ಮೊದಲ ವರ್ಷ. ಹೊಸ ಸೊಸೆ ಆಸಾಡಿ ತಿಂಗಳು ತವರಿನಲ್ಲಿರಬೇಕೆಂದು ಗುಣವತಿ ಕಿರಿಮಂಜೇಶ್ವರಕ್ಕೆ ಹೋಗಿದ್ದಳು. ಹೋಗುವಾಗ, ಚೌತಿ ಮುಗಿಸಿಯೇ ಬರುತ್ತೇನೆ ಅಂದಿದ್ದಳು. ಆಸಾಡಿ ಮುಗಿದ ಕೂಡಲೇ ಬಾ ಎಂದು ಬರೆಯಲು ಮಾಸ್ತರರಿಗೆ ನಾಚಿಕೆ. ಕಾರ್ಡನ್ನು ಮೊದಲು ಓದುವವರು ಮಾವ, ಅದೂ ಜಗಲಿಯಲ್ಲಿ ಕೂತು, ಗಟ್ಟಿಯಾಗಿ. ಆದ್ದರಿಂದ ಪಂದ್ಯ. ಇಬ್ಬರ ಮನೆಯಲ್ಲೂ ಎರಡು ಸಾಲು ಗುಳಿಗಳಲ್ಲಿ ಕಾಯಿ ತುಂಬಿ ಒಂದೊಂದು ಆಟ ಹೂಡಿಡುವುದು. ಯಾವ ಗುಳಿಯ ಕಾಯಿ ಎತ್ತಿ ಹಂಚಬೇಕೋ ಅದನ್ನಷ್ಟೇ ಕಾರ್ಡಿನಲ್ಲಿ ಬರೆಯುವುದು. ಮಾಸ್ತರರು ಗೆದ್ದರೆ ಅವಳು ಆಸಾಡಿ ಮುಗಿಯುವ ಸಂಕ್ರಮಣದ ಮರುದಿನವೇ ಬರಬೇಕು. ಅವಳು ಗೆದ್ದರೆ ಚೌತಿಯವರೆಗೆ ಅಲ್ಲಿಯೇ ಇರಬಹುದು.

ಮಾಸ್ತರರ ಮನೆಯಲ್ಲಿ ಚೆನ್ನೆಮಣೆ ಇರಲಿಲ್ಲ. ನೆರೆಮನೆಯಿಂದ ಕೇಳಿ ತರುವುದು ಬಿ.ಎ. ಪದವಿಗೆ ಶೋಭೆಯಲ್ಲ. ಅವರು ಒಲೆಯ ಮೇಲಿನ ಹಲಗೆಯಲ್ಲಿ ತೆಂಗಿನ ಗೆರಟೆಗಳನ್ನು ಎರಡು ಸಾಲಾಗಿ ಜೋಡಿಸಿ, ಕಾಯಿಯ ಬದಲಿಗೆ ಹಲಸಿನ ಬೀಜ ಹಾಕಿದರು. ಮಳೆಗಾಲದಲ್ಲಿ ಬೀಜ ಮೊಳಕೆಯೊಡೆಯದೆ ಉಳಿಯುವ ಜಾಗ ಅದೊಂದೇ. ಗೋಡೆಯ ಕಡೆಯ ಸಾಲು ತಮ್ಮದು, ಈಚೆಯದು ಗುಣವತಿಯದು. ಹೆಂಡತಿಯೊಡನೆ ಅಂಚೆಯಲ್ಲಿ ಆಟವಾಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳುವುದುಂಟೇ? ಹೇಳಲಿಲ್ಲ. ಉತ್ತರದ ಕಾರ್ಡುಗಳೂ ಶಾಲೆಯ ವಿಳಾಸಕ್ಕೇ ಬರುತ್ತಿದ್ದವು.

ಆಟ ಮುಂದುವರಿದಂತೆ ಗುಣವತಿಯ ಸಾಲು ಬಡವಾಗುತ್ತ ಹೋಯಿತು. ಕೈ ಹಾಕಿ ಎಣಿಸುವುದು ಆಟದ ಮರ್ಯಾದೆಯಲ್ಲವಾದ್ದರಿಂದ ಮಾಸ್ತರರು ಎಣಿಸಲಿಲ್ಲ. ತಮ್ಮ ಬುದ್ಧಿವಂತಿಕೆಯನ್ನು ದೂರದಿಂದ ನೋಡಿ ಸಂತೋಷಪಟ್ಟರು. ಒಂದು ಕಾರ್ಡಿನಲ್ಲಿ ಅವಳು ಖಾಲಿ ಗೆರಟೆಯಿಂದ ಕಾಯಿ ಎತ್ತಲು ಹೇಳಿದಳು. ಮುಂದಿನದರಲ್ಲೂ ಹಾಗೆಯೇ. ಮಾಸ್ತರರ ಕಣ್ಣು ಒದ್ದೆಯಾಯಿತು. ಪಾಪ, ಕೂತದ್ದು ಕಿರಿಮಂಜೇಶ್ವರದಲ್ಲಾದರೂ ಮನಸ್ಸೆಲ್ಲ ಗಂಡನ ಮೇಲೆ. ಇದಕ್ಕಿಂತ ದೊಡ್ಡ ಪ್ರೇಮಪತ್ರ ಯಾವುದಿದೆ ಅಂದುಕೊಂಡು, ಅಂದು ರಾತ್ರಿ ಹುಳಿಯನ್ನು ಎರಡೆರಡು ಸಲ ಬಡಿಸಿಕೊಂಡರು. ಯುದ್ಧಕಾಲ, ಅಕ್ಕಿಗೂ ರೇಷನ್ನು. ಅಂಥದ್ದರಲ್ಲೂ ಅಮ್ಮ ಏನಾದರೊಂದು ಹೊಂದಿಸಿ ಹುಳಿ ಮಾಡುತ್ತಿದ್ದರು. ಬಹಳ ರುಚಿಯಾಗಿರುತ್ತಿತ್ತು.

ಸಂಕ್ರಮಣದ ಮರುದಿನ ಮಾಸ್ತರರು ಛತ್ರಿ ಹಿಡಿದು ಬಸ್ಸಿಗೆ ಕಾದರು. ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಮೊದಲು ಮಾವ ಇಳಿದರು, ಹಿಂದಿನಿಂದ ಟ್ರಂಕಿನೊಡನೆ ಗುಣವತಿ. ಸೋತದ್ದಕ್ಕೆ ಬೇಸರಪಡಬಾರದು, ಗಣಿತ ಎಲ್ಲರಿಗೂ ಒಲಿಯುವುದಿಲ್ಲ ಎಂದು ಮಾಸ್ತರರು ಸಮಾಧಾನ ಹೇಳಿದರು. ಅವಳು ಮುಖ ತಿರುಗಿಸಿದಳು.

"ಅಳಿಯಂದ್ರೆ," ಮಾವ ತಗ್ಗಿದ ದನಿಯಲ್ಲಿ ಅಂದರು, "ಮಗಳ ಮೇಲೆ ಎಂತಾರೂ ಬೇಜಾರ್ ಇದ್ರೆ ಬಾಯ್ಬಿಟ್ಟ್ ಹೇಳಿ."

ಮಾಸ್ತರರಿಗೆ ಅರ್ಥವಾಗಲಿಲ್ಲ.

"ಗೆದ್ದದ್ದ್ ನಾನ್," ಅಂದಳು ಗುಣವತಿ. "ಖಾಲಿ ಗುಳಿಯಂದ ಕಾಯಿ ಎತ್ತಿ ಅಂದೇಳಿ ಬರದ್ರಿ. ಒಂದ್ಸಲ ಅಲ್ಲ. ಬಿ.ಎ. ಮಾಡ್ದರ್ ಬೇಕಂತ್ಲೇ ಅಲ್ದೆ ಹಾಂಗ್ ಸೋಲ್ತ್ರಾ? ನಾ ಬಪ್ಪುದ್ ಬ್ಯಾಡ ಅಂದ್ ಸೀದಾ ಬರದಿದ್ರೆ ಆತಿತ್ತಲೆ."

ಗೆದ್ದದ್ದು ತಾನೇ, ಸಾಕ್ಷಿ ಒಲೆಯ ಮೇಲಿದೆ ಎಂದು ಮಾಸ್ತರರು ಇಬ್ಬರನ್ನೂ ಬೇಗಬೇಗ ನಡೆಸಿ, ನೇರ ಅಡಿಗೆಮನೆಗೇ ಕರೆದೊಯ್ದರು.

ಹಲಗೆಯ ಮೇಲೆ ಗೆರಟೆಗಳನ್ನು ತೊಳೆದು ಕವುಚಿ ಹಾಕಿತ್ತು. ಒಲೆಯಲ್ಲಿ ಹುಳಿ ಕುದಿಯುತ್ತಿತ್ತು.

"ನೀನೇ ಅಲ್ದಾ ಮಗಾ ಬೀಜ ಒಣ್ಗೂಕ್ ಇಟ್ಟದ್ದ್?" ಅಮ್ಮ ಸೌಟು ಹಿಡಿದು ಕೇಳಿದರು. "ಈಚೆ ಸಾಲ್ ಕೈಗೆ ಸಿಕ್ತಿತ್ತ್, ತುಂಬಿದ್ ಗೆರಟಿಯಂದ ಆಗಾಗ ತೆಗ್ದೆ. ಇವತ್ತ್ ಬೀಗ್ರ್ ಬತ್ರ್ ಅಂದ್ರೆ, ಇದ್ದದ್ದೆಲ್ಲ ಹಾಕ್ದೆ. ನೀನೂ ಲಾಯ್ಕಾಯ್ತ್ ಅಂದೇಳಿ ಎರಡೆರಡ್ ಸಲ ಬಡ್ಸ್ಕಂಡ್ಯಲೆ."

ಹೆಂಡತಿಯ ಸೈನ್ಯವನ್ನು ತಾವೇ ಅನ್ನಕ್ಕೆ ಕಲಸಿ ಉಂಡದ್ದು ಮಾಸ್ತರರಿಗೆ ಆಗ ಹೊಳೆಯಿತು. ಮಾವ ಬಾಗಿಲ ಕಡೆ ತಿರುಗಿ ಒಂದಷ್ಟು ಹೊತ್ತು ಮಳೆ ನೋಡಿದರು. ಅವರ ಹೆಗಲು ಮಾತ್ರ ಅಲುಗುತ್ತಿತ್ತು.

ಊಟಕ್ಕೆ ಗುಣವತಿಯೇ ಬಡಿಸಿದಳು. ಮಾವನ ಎಲೆಗೆ ಬೀಜ ಧಾರಾಳವಾಗಿ ಬಿತ್ತು. ಮಾಸ್ತರರ ಎಲೆಗೆ ಬರೇ ತಿಳಿ ಬಿತ್ತು. ಅವರು ತಲೆಯೆತ್ತಿ, ಚೌತಿಗೆ ಹೋಗುವುದುಂಟೇ ಎಂದು ಮೆಲ್ಲಗೆ ಕೇಳಿದರು.

"ಹೋಪುದಿಲ್ಲ," ಅಂದಳು ಅವಳು, ಪಾತ್ರೆ ಎತ್ತಿಕೊಳ್ಳುತ್ತ. "ಆದ್ರೆ ಬೀಜ ಮಾತ್ರ ಕೇಂಬ್ಯಾಡಿ. ನಿಮ್ ಪಾಲಿಂದ್ ನೀವ್ ಮೊದ್ಲೇ ಉಂಡಾಯ್ತ್."